ಕೊತ್ತತ್ತಿ ಮಣ್ಣಿಗೆ ತಕ್ಕ ಟೈರು

ಮದ್ದೂರಿನ ಮೆಕ್ಯಾನಿಕ್ ಸಾಬರನ್ನು ಟೈರು ಕೇಳಿದರೆ, ‘ಮೊದಲು ದಾರಿ ಮಣ್ಣು ತನ್ನಿ’ ಅನ್ನುತ್ತಿದ್ದರು. ಎರಡನೇ ಮಹಾಯುದ್ಧದ ಕಾಲ, ಹೊಸ ಟೈರು ಸಿಗುತ್ತಿರಲಿಲ್ಲ. ಅಕ್ಕನ ಮದುವೆ ಬೀಗರ ಊರಾದ ಕೊತ್ತತ್ತಿಯಲ್ಲಿ, ಅದೂ ಮಳೆ ಹಿಡಿದಾಗ! ನಮ್ಮ ಪಿಕಪ್ ವ್ಯಾನು ಕಾಲುವೆ ಏರಿಯ ಕೆಸರಲ್ಲಿ ಹೂತರೆ ಮುಹೂರ್ತವೇ ತಪ್ಪುತ್ತಿತ್ತು.

ಬೀಗರಿಂದ ತರಿಸಿದ ಮಣ್ಣನ್ನು ನನ್ನ ಕಾನ್ವೆಂಟ್ ಟಿಫಿನ್ ಬಾಕ್ಸಿನಲ್ಲೇ ಒಯ್ದೆವು. ಸಾಬರು ಅದನ್ನು ನಾದಿ, ಹಳೇ ಟೈರುಗಳಿಗೆಲ್ಲ ಮೆತ್ತಿ ಮೆತ್ತಿ ಕಿತ್ತು ನೋಡಿದರು. ‘ಮಣ್ಣ ಹಿಡೀಲೂಬೇಕು, ಬುಡಲೂಬೇಕು ಕಣಮ್ಮ’ ಎಂದು ನನಗೆ ಹೇಳಿ, ಆಳವಾದ ಗೀರುಗಳಿದ್ದ ಅಗ್ಲಿ ಟೈರುಗಳನ್ನೇ ಆರಿಸಿದರು.

‘ಮದುವೆ ವ್ಯಾನಿಗೆ ಇದೇನ್ ಸಾಬರೇ, ಎಮ್ಮೆ ಕಾಲು?’ ಎಂದರು ಅಪ್ಪ.

‘ಕೆಸರಿಗೆ ಎಮ್ಮೇನೇ ಸರಿ ಸ್ವಾಮಿ!’

ಮದುವೆಯ ಬೆಳಿಗ್ಗೆ ವ್ಯಾನು ಗುರ್ರೆಂದು ಕಾಲುವೆ ಏರಿಯನ್ನು ದಾಟಿಯೇಬಿಟ್ಟಿತು. ವಾಟ್ ಎ ಥ್ರಿಲ್! ಓಲಗ ಶುರುವಾಗಿ ಎಲ್ಲರೂ ಅಕ್ಕನತ್ತ ಓಡಿದರೆ, ಜೊತೆಗೆ ಬಂದಿದ್ದ ಸಾಬರು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಕೂಗಿದರು: ‘ಹಿಡೀತು, ಬುಡ್ತು! ಬಾ ಕಣಮ್ಮ, ನೋಡು!’

ನಾನೂ ಮದುಮಗಳನ್ನು ಬಿಟ್ಟು ಅಲ್ಲಿಗೇ ಓಡಿದೆ.