ತೂಬಿಲ್ಲದ ನೀರು

“ನೋಡಪ್ಪಾ, ನೀರು ಅನ್ನೋದು ದನ ಇದ್ದಂಗೆ. ಸುಮ್‌ಸುಮ್ನೆ ಎದ್ದು ಬರಲ್ಲ, ಸುಮ್‌ಸುಮ್ನೆ ಹೋಗಲ್ಲ. ನೀರು ಏರಿತು ಅಂದ್ರೆ ಮೇಲೆ ಎಲ್ಲೋ ಮಳೆ ಬಿದ್ದಿರ್ಬೇಕು, ಇಲ್ಲಾ ಮೇಲಿನ ಕೆರೆ ಏರಿ ಒಡೆದಿರ್ಬೇಕು. ಇಳೀತು ಅಂದ್ರೆ ನಾನು ತೂಬು ಎತ್ತಿರ್ಬೇಕು, ಇಲ್ಲಾ ಏಡಿ ಬಿಲ ಕೊರೆದಿರ್ಬೇಕು. ಇನ್ನು ಬಿಸಿಲು ಕುಡಿಯೋದು ಮೂರು ದಿನಕ್ಕೆ ಒಂದು ಬೆರಳು. ಐದೇ ಲೆಕ್ಕ, ಆರನೇದು ಇಲ್ಲ. ನಾನು ಏಳು ವರ್ಷದವನಿದ್ದಾಗ ನಮ್ಮಪ್ಪ ನನ್ನನ್ನ ಕೆರೆ ಏರಿ ಮೇಲೆ ಮಲಗ್ಸಿ, ನೆಲಕ್ಕೆ ಕಿವಿ ಇಡ್ಲಾ ಅಂದ್ರು. ಒಳಗೆ ಸಣ್ಣಕೆ ಸಿಳ್ಳೆ ಹಾಕ್ದಂಗೆ ಕೇಳ್ತು. ಅಲ್ಲಿ ಅಗೆದ್ರೆ ಏಡಿ ಬಿಲ, ನನ್ನ ತೋಳು ಹೋಗೋಷ್ಟು ದಪ್ಪ. ಅವತ್ತಿಂದ ಇವತ್ತಿನ ತನಕ ನೀರು ನನಗೆ ಒಂದು ಸುಳ್ಳು ಹೇಳಿಲ್ಲ. ಆಕಾಶ ಹೇಳೈತೆ, ಅಮಲ್ದಾರರು ಹೇಳವ್ರೆ. ನೀರು ಹೇಳಿಲ್ಲ.”

ಅರವತ್ತೊಂಬತ್ತನೇ ಇಸವಿ ಸಂಕ್ರಾಂತಿಯವರೆಗೂ ನನ್ನ ತಮ್ಮ ಆವಲಪ್ಪ ಈ ಮಾತನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದ. ಆಮೇಲೆ ಹೇಳಲಿಲ್ಲ.

ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ನಮ್ಮದು ಚಿಕ್ಕ ಊರು, ಆದರೆ ಕೆರೆ ದೊಡ್ಡದು. ಆವಲಪ್ಪ ಅದರ ನೀರಗಂಟಿ. ನಮ್ಮಪ್ಪನೂ ಅದೇ ಕೆಲಸ ಮಾಡಿದವರು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಯಾವಾಗ ನೀರು, ಎಷ್ಟು ಹೊತ್ತು ಎಂದು ತೀರ್ಮಾನಿಸುವುದು ಎಲ್ಲ ಅವನದೇ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನ ಪಾಲಿನ ಭತ್ತ ಬರುತ್ತಿತ್ತು. ಅಣ್ಣತಮ್ಮಂದಿರು ಮಾತು ಬಿಟ್ಟು ಕೂತಿದ್ದ ಮನೆಗಳೂ ನೀರಿನ ವಿಷಯಕ್ಕೆ ಬಂದರೆ ಅವನ ಮಾತಿಗೆ ಎದುರಾಡುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ನಾನು ತವರಿನಲ್ಲೇ ಇದ್ದೆ. ಇದನ್ನೆಲ್ಲ ದಿನವೂ ಕಣ್ಣಾರೆ ನೋಡಿದವಳು.

ಅವನಿಗೆ ಒಬ್ಬಳೇ ಮಗಳು, ಮುತ್ಯಾಲಮ್ಮ. ಸಮೇತನಹಳ್ಳಿಯ ಹನುಮಂತರಾಯಪ್ಪನಿಗೆ ಕೊಟ್ಟಿತ್ತು. ಅವನಿಗೆ ಬೊಂಬಾಯಿಯ ಬಟ್ಟೆ ಗಿರಣಿಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಅಲ್ಲಿಗೆ ಹೋಗಿ ಎಂಟು ತಿಂಗಳಾಗಿತ್ತು. ಮುತ್ಯಾಲಮ್ಮ ಬಸುರಿ, ಏಳನೇ ತಿಂಗಳು. ಇದಕ್ಕೆ ಮುಂಚೆ ಒಂದು ಸಲ ನಾಲ್ಕು ತಿಂಗಳಿಗೇ ಕಳೆದುಕೊಂಡಿದ್ದಳು. ಹಾಗಾಗಿ ಅವಳನ್ನು ಕರೆತರಲು ಗಂಡಸು ಒಬ್ಬನೇ ಹೋದರೆ ಸಾಲದು, ಹೆಂಗಸೂ ಇರಬೇಕು ಎಂದು ನನ್ನನ್ನೂ ಹೊರಡಿಸಿದರು. ಕೆರೆ ನೋಡಿಕೊಳ್ಳಲು ಅವನ ಹೆಂಡತಿ ಸಪ್ಪಲಮ್ಮ ಊರಲ್ಲೇ ಉಳಿದಳು.

ದಾರಿಯುದ್ದಕ್ಕೂ ಆವಲಪ್ಪನಿಗೆ ಒಂದೇ ಚಿಂತೆ: ಎರಡು ರಾತ್ರಿ, ಎರಡು ಹಗಲು ಈ ರೈಲಿನ ಕುಲುಕಾಟ ಮಗಳು ತಡೆದುಕೊಂಡಾಳೆಯೆ? ಕಿಟಕಿಯಲ್ಲಿ ಕೆರೆ ಕಂಡರೂ ತಿರುಗಿ ನೋಡಲಿಲ್ಲ. ಅಲ್ಲಿಗೆ ತಲುಪಿ ನೋಡಿದರೆ ಹುಡುಗಿಯ ಕಾಲು ಊದಿಕೊಂಡಿದ್ದವು, ಮುಖ ಬಾಡಿತ್ತು. ನನಗೂ ಒಳಗೊಳಗೆ ಹೆದರಿಕೆಯಾಯಿತು.

ಹೊರಡಲು ಎರಡು ದಿನ ಇತ್ತು. ಇಷ್ಟು ದೂರ ಬಂದು ಏನೂ ನೋಡದೆ ಹೋಗುವುದೇ ಎಂದು ಹನುಮಂತರಾಯಪ್ಪ ಹಟ ಹಿಡಿದ. ಸಮುದ್ರದ ನಡುವೆ ಒಂದು ದ್ವೀಪ ಇದೆ, ಎಲಿಫೆಂಟಾ ಅಂತ, ಗುಡ್ಡ ಕೊರೆದು ಈಶ್ವರನ ಗುಡಿ ಮಾಡಿದ್ದಾರೆ, ಬೆಳಿಗ್ಗೆ ದೋಣಿಯಲ್ಲಿ ಹೋದರೆ ಸಂಜೆಗೆ ವಾಪಸು, ನಾನೂ ನೋಡಿಲ್ಲ ಎಂದ. ಬಸುರಿಯನ್ನು ದೋಣಿ ಹತ್ತಿಸುವುದು ಬೇಡ ಎಂದು ನಾನು ಅಂದೆ. ಮುತ್ಯಾಲಮ್ಮನೇ, ಆ ಒಂದು ಕೋಣೆಯಲ್ಲಿ ಕೂತು ಕೂತು ಉಸಿರು ಕಟ್ಟಿದೆ ಅತ್ತೆ, ಗಾಳಿಗಾದರೂ ಬರುತ್ತೇನೆ ಎಂದಳು. ಮಗಳು ಬಾಯಿ ಬಿಟ್ಟು ಕೇಳಿದ ಮೇಲೆ ಆವಲಪ್ಪ ಬೇಡ ಎನ್ನುವವನಲ್ಲ.

ಹುಣ್ಣಿಮೆ ಕಳೆದು ನಾಲ್ಕು ದಿನವಾಗಿತ್ತು. ದೋಣಿಯಲ್ಲಿ ನಾನು ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಹುಡುಗಿಯ ತೋಳು ಹಿಡಿದು ಕೂತಿದ್ದೆ. ಆವಲಪ್ಪ ಬಗ್ಗಿ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು ಉಗಿದ.

“ಇಷ್ಟೊಂದು ನೀರು. ಒಂದು ಗದ್ದೆಗಾಗಲ್ಲವಲ್ಲ” ಎಂದ.

“ಇದಕ್ಕೂ ನಿಮ್ಮನ್ನೇ ನೀರಗಂಟಿ ಮಾಡಿಸ್ಲಾ ಮಾವ?” ಎಂದು ಅಳಿಯ ಕೆಣಕಿದ.

“ಮಾಡ್ಸಪ್ಪಾ. ಮೊದ್ಲು ತೂಬು ಎಲ್ಲೈತೆ ತೋರ್ಸು.”

ಮುತ್ಯಾಲಮ್ಮ ನಕ್ಕಳು. ನಾವು ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ದ್ವೀಪದ ದೋಣಿಕಟ್ಟೆಯಲ್ಲಿ ಇಳಿದಾಗ ಆವಲಪ್ಪ ಅಭ್ಯಾಸ ಬಲದಿಂದ ತಿರುಗಿ ನೋಡಿದ. ನೀರಿನ ಮೇಲೆ ಹದಿನಾಲ್ಕು ಮೆಟ್ಟಿಲು ಕಾಣುತ್ತಿದ್ದವು. ಅದನ್ನು ಬಾಯಿಬಿಟ್ಟೇ ಎಣಿಸಿದ. ಊರಲ್ಲಿ ತೂಬಿನ ಕಲ್ಲುಗಳನ್ನು ದಿನಾ ಬೆಳಿಗ್ಗೆ ಎಣಿಸುವುದು ಹೀಗೆಯೇ.

ಗುಡಿಗೆ ಬಹಳ ಮೆಟ್ಟಿಲು ಹತ್ತಬೇಕಿತ್ತು. ಹೊತ್ತುಕೊಂಡು ಹೋಗುವ ಕುರ್ಚಿಯವರು ಬಂದರು. ಅದರಲ್ಲಿ ಹುಡುಗಿ ಕುಲುಕಾಡುತ್ತಾಳೆ ಎಂದು ಆವಲಪ್ಪ ಒಪ್ಪಲಿಲ್ಲ. ಜೊತೆಗೆ, ವಿಗ್ರಹಗಳ ಕೈಕಾಲು ಒಡೆದಿವೆ ಎಂದು ದೋಣಿಯಲ್ಲಿ ಯಾರೋ ಹೇಳಿದ್ದರು. ಭಿನ್ನವಾದ ವಿಗ್ರಹವನ್ನು ಬಸುರಿ ನೋಡಬಾರದು, ನಾನು ಇವಳ ಜೊತೆ ಕೆಳಗೇ ಇರುತ್ತೇನೆ, ನೀವಿಬ್ಬರೂ ಹೋಗಿ ಬನ್ನಿ ಎಂದೆ.

ಎಲ್ಲಿ ಕೂರುವುದು? ದಡದಲ್ಲಿ ಮೀನು ಒಣಗಲು ಹಾಕಿದ್ದರು. ಆ ವಾಸನೆಗೆ ಮುತ್ಯಾಲಮ್ಮ ಎರಡು ಸಲ ವಾಂತಿ ಮಾಡಿಕೊಂಡಳು. ಅಳಿಯ ವಾಪಸು ದೋಣಿಯ ಹೊತ್ತು ವಿಚಾರಿಸಲು ಹೋಗಿದ್ದ. ಆವಲಪ್ಪ ಸುತ್ತ ಕಣ್ಣಾಡಿಸಿದ. ದಡದಿಂದ ಒಂದು ಕೂಗಳತೆ ಮುಂದೆ, ನೀರಿನ ಕಡೆಗೆ, ಚಪ್ಪಟೆ ಬಂಡೆ ಒಂದಿತ್ತು. ಅದರ ಮಗ್ಗುಲಲ್ಲಿ ಇನ್ನೊಂದು ಎತ್ತರದ ಬಂಡೆಯ ನೆರಳು. ಒಳ್ಳೆಯ ಗಾಳಿ, ಮೀನಿನ ವಾಸನೆ ಇಲ್ಲ. ನಡುವೆ ಕಲ್ಲು, ಹಸಿ ಕೆಸರು. ಬೇಸಿಗೆಯಲ್ಲಿ ನಮ್ಮ ಕೆರೆ ಅಂಗಳ ಇರುತ್ತದಲ್ಲ, ಥೇಟ್ ಹಾಗೆ.

“ಇಲ್ಲಿ ಕೂತ್ಕೊಳವ್ವ,” ಎಂದು ಮಗಳನ್ನು ಕೈಹಿಡಿದು ನಡೆಸಿಕೊಂಡು ಹೋಗಿ ಕೂರಿಸಿದ. “ನೀರು ಇಳಿದು ಹೋಗೈತೆ. ಇನ್ನು ಮಳೆಗಾಲಕ್ಕೇ ಅದು ಇಲ್ಲಿಗೆ ಬರೋದು. ನಾನು ಬರೋ ತನಕ ಏಳಬೇಡ.”

ನನಗೂ ಅನುಮಾನ ಬರಲಿಲ್ಲ. ಅಳಿಯ ಬಂದು ನೋಡಿ, ನೀರಿನ ವಿಷಯದಲ್ಲಿ ಮಾವನಿಗೆ ನಾನೇನು ಹೇಳುವುದು ಎಂದು ಸುಮ್ಮನಾದನಂತೆ. ಅವನು ಸಮುದ್ರ ನೋಡಿದ್ದೇ ಎರಡು ಸಲ, ಅದೂ ಸಂಜೆ ಹೊತ್ತು ಕಡಲೆಕಾಯಿ ತಿನ್ನುತ್ತ.

ಹುಡುಗಿ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ನನಗೂ ತೂಕಡಿಕೆ ಬಂತು. ಎಚ್ಚರವಾದದ್ದು ಒಬ್ಬ ಹೆಂಗಸಿನ ಕೂಗಿಗೆ. ಕಚ್ಚೆ ಹಾಕಿ ಸೀರೆ ಉಟ್ಟಿದ್ದ ಮೀನಿನವಳು ದಡದಲ್ಲಿ ನಿಂತು ನಮ್ಮ ಕಡೆ ಕೈ ಬೀಸುತ್ತಿದ್ದಳು. ಅವಳ ಮಾತು ಮರಾಠಿ. ನಾನು ಕಿವಿಗೊಟ್ಟು ಕೇಳಿದೆ. ಎರಡು ಮಾತು ಮಾತ್ರ ತಿಳಿಯಿತು. “ಪಾಣಿ” ಎಂದಳು, “ಭರ್ತಿ” ಎಂದಳು. ಪಾನಿ ಎಂದರೆ ನೀರು, ದೇವನಹಳ್ಳಿ ಸಂತೆಯಲ್ಲಿ ಸಾಬರ ಬಾಯಲ್ಲಿ ಕೇಳಿದ್ದೆ. ಭರ್ತಿ ನಮ್ಮ ಮಾತೇ. ಬಸುರಿ ಬಿಸಿಲ ಹೊತ್ತಲ್ಲಿ ಕೂತಿದ್ದಾಳೆ, ಕುಡಿಯುವ ನೀರು ತುಂಬಿಸಿಕೊಂಡಿದ್ದೀರಾ ಎಂದು ಕೇಳುತ್ತಿದ್ದಾಳೆ, ಪುಣ್ಯಾತ್ಗಿತ್ತಿ, ಎಂದುಕೊಂಡೆ. ಚೊಂಬು ಎತ್ತಿ ತೋರಿಸಿ, “ಭರ್ತಿ ಐತೆ ತಾಯಿ, ಭರ್ತಿ” ಎಂದು ಕೂಗಿದೆ.

ಅವಳು ಹಣೆ ಚಚ್ಚಿಕೊಂಡಳು. ಮತ್ತೆ ಅದೇ ಮಾತು ಕೂಗಿದಳು. ನಾನು ಮತ್ತೆ ಚೊಂಬು ತೋರಿಸಿದೆ.

ಆಗ ನನ್ನ ಕಣ್ಣು ಕೆಳಗೆ ಹೋಯಿತು. ಬಂಡೆಯ ಬುಡದಲ್ಲಿ ಬಿಟ್ಟಿದ್ದ ಮುತ್ಯಾಲಮ್ಮನ ಚಪ್ಪಲಿ ನೀರಿನಲ್ಲಿ ತೇಲುತ್ತಿತ್ತು. ನಾವು ನಡೆದು ಬಂದಿದ್ದ ಕೆಸರು ಇರಲಿಲ್ಲ. ಸುತ್ತ ನೀರು. ಮೋಡವಿಲ್ಲ, ಮಳೆಯಿಲ್ಲ, ಸದ್ದಿಲ್ಲ, ನೀರು ಮಾತ್ರ ಬರುತ್ತಿತ್ತು.

ಹುಡುಗಿಯನ್ನು ಎಬ್ಬಿಸಿದೆ. ನೋಡಿದಳು, ನನಗಿಂತ ಗಟ್ಟಿಯಾಗಿ ಕೂತಳು.

“ನೀರು ಬರಲ್ಲ ಅತ್ತೆ. ಅಪ್ಪ ಹೇಳವ್ರೆ” ಎಂದಳು.

ಬಂದಾಗಿದೆಯಲ್ಲೇ ಎಂದರೂ ಕೇಳಲಿಲ್ಲ. ಅಪ್ಪ ಏಳಬೇಡ ಅಂದಿದ್ದಾರೆ, ಇಳಿದು ಕೆಸರಲ್ಲಿ ಜಾರಿದರೆ ಈ ಸಲವೂ ನಾನು ಕಳಕೊಂಡೆ ಅಂತಲೇ ಎಂದು ಹೊಟ್ಟೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಳು. ಅದೂ ನಿಜವೇ. ಇಳಿಯಲು ಹೆದರಿಕೆ, ಇರಲು ಹೆದರಿಕೆ. ನಾನು ಅವಳ ಸೆರಗನ್ನು ನನ್ನ ಸೆರಗಿಗೆ ಗಂಟು ಹಾಕಿದೆ. ಬೇರೇನು ಮಾಡಬೇಕೋ ಗೊತ್ತಾಗಲಿಲ್ಲ.

ಆ ಹೊತ್ತಿಗೆ ಮೇಲೆ ಗುಡಿಯಲ್ಲಿ ನಡೆದದ್ದನ್ನು ಆಮೇಲೆ ಹನುಮಂತರಾಯಪ್ಪ ಹೇಳಿದ. ಒಳಗಿನ ಕಂಬಗಳ ನಡುವೆ ನಿಂತರೆ ನಲ್ಲೂರಿನ ಹಳೇ ಹುಣಸೆ ತೋಪಿನಲ್ಲಿ ನಿಂತ ಹಾಗಿತ್ತಂತೆ. ಮೂರು ಮುಖದ ಈಶ್ವರನ ಮುಂದೆ ಎಲ್ಲರೂ ಬೆರಗಾಗಿ ನಿಂತಿದ್ದರೆ ಆವಲಪ್ಪ ಒಮ್ಮೆ ಕೈಮುಗಿದು ಹೊರಗೆ ಬಂದನಂತೆ. ಮರಗಳ ಸಂದಿನಲ್ಲಿ ಕಟ್ಟೆ ಕಾಣುತ್ತಿತ್ತು. ನಿಂತು ಎಣಿಸಿದ. ಕಣ್ಣುಜ್ಜಿ ಮತ್ತೆ ಎಣಿಸಿದ. ಎಂಟೇ ಮೆಟ್ಟಿಲು.

“ಎಲ್ಲೋ ಏರಿ ಒಡೆದೈತೆ ಕಣಪ್ಪಾ” ಎಂದ.

“ಸಮುದ್ರಕ್ಕೆ ಏರಿ ಎಲ್ಲಿಂದ ತರ್ತೀರಿ ಮಾವ?” ಎಂದು ಅಳಿಯ ನಕ್ಕ. ನಗುತ್ತಲೇ ತಾನೂ ಎಣಿಸಿದ. ಆಮೇಲೆ ನಗಲಿಲ್ಲ.

ಇಬ್ಬರೂ ಓಡಿ ಬಂದದ್ದು ನನಗೆ ಕಾಣಿಸಿತು. ಆವಲಪ್ಪ ದಡದಿಂದ ನೇರವಾಗಿ ನೀರಿಗೆ ನುಗ್ಗಿದ. ನಾಲ್ಕು ಹೆಜ್ಜೆಗೆ ತೊಡೆಯವರೆಗೆ ಕೆಸರಿನಲ್ಲಿ ಹೂತುಕೊಂಡ. ಮೀನಿನವಳು ಹಿಂದಿನಿಂದ ಅವನ ಟವೆಲ್ಲು ಹಿಡಿದು ಜಗ್ಗಿ ಬೈದಳು. ಬಲಗಡೆಗೆ ಕೈ ತೋರಿಸಿದಳು. ಅಲ್ಲಿ ನೀರಿನ ಅಡಿಯಲ್ಲಿ ಕಲ್ಲಿನ ಸಾಲು ಇತ್ತು, ಅವಳಿಗೆ ಮಾತ್ರ ಗೊತ್ತಿದ್ದದ್ದು. ನನ್ನ ತಮ್ಮ ನೀರಿನ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳಿದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಅವಳು ಮುಂದೆ ನಡೆದಳು, ಅವಳು ಕಾಲಿಟ್ಟಲ್ಲೇ ಕಾಲಿಟ್ಟು ಅವನು ಹಿಂದೆ ಬಂದ. ಅಳಿಯನಿಗೆ ಈಜು ಬಾರದು. ಅವನು ದಡದಲ್ಲಿ ನಿಂತು ಹೆಂಡತಿಯ ಹೆಸರು ಕೂಗುತ್ತಿದ್ದ.

ಅಪ್ಪನನ್ನು ನೋಡಿದ ಮೇಲೆ ಹುಡುಗಿ ಎದ್ದಳು. ಇಳಿದಾಗ ನೀರು ಅವಳ ಹೊಟ್ಟೆಯ ಮೇಲಕ್ಕಿತ್ತು. ಮೀನಿನವಳು ಮುಂದೆ, ಮುತ್ಯಾಲಮ್ಮ, ಅವಳ ಎರಡೂ ಕಂಕುಳಿಗೆ ಕೈಕೊಟ್ಟು ಆವಲಪ್ಪ, ಕೊನೆಯಲ್ಲಿ ನಾನು. ಒಂದು ಕಡೆ ಅವಳ ಕಾಲು ಜಾರಿ ಗಲ್ಲದವರೆಗೆ ಮುಳುಗಿದಳು. ಅವನು ಎತ್ತಿ ಹಿಡಿದ.

ದಡ ಸೇರಿದ ಮೇಲೆ ಆ ಹೆಂಗಸು ತನ್ನದೊಂದು ಹಳೇ ಸೀರೆ ತಂದು ಹುಡುಗಿಗೆ ಹೊದಿಸಿದಳು. ನನ್ನ ಚೊಂಬಿನ ಕಡೆ ಕೈ ಮಾಡಿ ಏನೋ ಹೇಳಿ ನಕ್ಕಳು. ಭರ್ತಿ ಎಂದರೆ ಸಮುದ್ರ ಏರುವುದಂತೆ, ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದಂತೆ. ದೋಣಿಯವನು ಹಿಂದಿಯಲ್ಲಿ ಹೇಳಿದ್ದನ್ನು ಅಳಿಯ ನಮಗೆ ತಿಳಿಸಿದ. ಆವಲಪ್ಪ ಕೇಳಿಸಿಕೊಂಡು, ಕಟ್ಟೆಗೆ ಹೋಗಿ ಮೆಟ್ಟಿಲು ಮತ್ತೆ ಎಣಿಸಿದ.

ಅಷ್ಟಕ್ಕೆ ಮುಗಿಯಲಿಲ್ಲ. ದೋಣಿ ಅರ್ಧ ದಾರಿ ಬಂದಿರಬೇಕು, ಮುತ್ಯಾಲಮ್ಮ ನನ್ನ ಕಿವಿಯಲ್ಲಿ, “ಮಗು ಆಡ್ತಾ ಇಲ್ಲ ಅತ್ತೆ” ಎಂದಳು.

ಒದ್ದೆ ಸೀರೆಯ ಮೇಲೆ ಕೈ ಇಟ್ಟು ನೋಡಿದೆ. ಏನೂ ಇಲ್ಲ. ಥಂಡಿಗೆ ಮಲಗಿರುತ್ತದೆ, ನಿನ್ನಪ್ಪನಿಗೆ ಹೇಳಬೇಡ ಎಂದೆ. ಅವನಾಗಲೇ ನನ್ನ ಕೈ ನೋಡಿದ್ದ. ಬೊಂಬಾಯಿಯ ದಡ ಬಂತು, ಬಸ್ಸು ಬಂತು, ಗಿರಣಿಯವರ ವಠಾರದ ಕೋಣೆಯೂ ಬಂತು. ನಾನು ಕೈ ತೆಗೆಯಲಿಲ್ಲ. ಅವಳನ್ನು ಎಡಮಗ್ಗುಲಾಗಿ ಮಲಗಿಸಿ, ಬಿಸಿಗಂಜಿ ಕಾಯಿಸಿ, ಬೆಲ್ಲ ಹಾಕಿ ಕುಡಿಸಿದೆ. ಆವಲಪ್ಪ ಒಳಗೆ ಬರಲೇ ಇಲ್ಲ. ಹೊರಗೆ ಓಣಿಯಲ್ಲಿ ಗೋಡೆಗೆ ಕಿವಿ ಆನಿಸಿ ನಿಂತಿದ್ದ, ಏರಿಯ ಮೇಲೆ ನಮ್ಮಪ್ಪ ಕಲಿಸಿದ ಹಾಗೆ.

ಎರಡನೇ ಲೋಟ ಗಂಜಿ ಮುಗಿಯುವಾಗ ನನ್ನ ಅಂಗೈಗೆ ಒಳಗಿನಿಂದ ಒಂದು ಒದೆತ ಬಿತ್ತು. ಆಮೇಲೆ ಇನ್ನೊಂದು.

“ಆಡ್ತು ಕಣೋ” ಎಂದೆ ಹೊರಗೆ ಬಂದು.

ಅವನು ಗೋಡೆಯಿಂದ ಕಿವಿ ತೆಗೆದ. “ನೀರು ನನಗೆ ಗೊತ್ತು ಅಂತ ಇನ್ನೊಂದು ಸಲ ಅಂದ್ರೆ ನನ್ನ ಬಾಯಿಗೆ ಮಣ್ಣು ಹಾಕಕ್ಕ” ಎಂದ.

ಯುಗಾದಿ ಕಳೆದು ಮುತ್ಯಾಲಮ್ಮನಿಗೆ ಹೆಣ್ಣು ಮಗು ಹುಟ್ಟಿತು. ತೂಕವಾಗಿ, ಕೆಂಪಗೆ, ಚೆನ್ನಾಗಿತ್ತು. ಆದರೆ ನಾನು ಹೇಳಬೇಕೆಂದಿದ್ದು ನಾವು ಊರಿಗೆ ಬಂದ ಮಾರನೇ ಬೆಳಿಗ್ಗೆಯ ಮಾತು.

ಅವತ್ತು ಮುತ್ಯಾಲಮ್ಮ ಉಟ್ಟಿದ್ದ ಸೀರೆ ಒಣಗಿ, ಸಮುದ್ರದ ಉಪ್ಪಿಗೆ ತಗಡಿನ ಹಾಗೆ ಆಗಿತ್ತು. ಮೈತುಂಬ ಬಿಳಿ ಗೆರೆ. ಒಗೆಯಲು ಕೆರೆಗೆ ಹೊರಟೆವು. ಬೇಡ ಎಂದರೂ ಹುಡುಗಿ ಬಂದಳು. ಆವಲಪ್ಪ ತೂಬಿನ ಕಲ್ಲು ಎಣಿಸುತ್ತ ನಿಂತಿದ್ದ. ಅಲ್ಲಿದ್ದ ಮುನಿರಾಮಯ್ಯ, ಈ ನೀರು ಇನ್ನು ಎಷ್ಟು ದಿನ ಬಂದೀತು ಎಂದು ಕೇಳಿದ. ಬೇರೆ ದಿನವಾಗಿದ್ದರೆ ತಿರುಗಿ ನೋಡದೆ ದಿನ ಹೇಳುತ್ತಿದ್ದವನು, ದಿನಾ ನೋಡಿಕೊಂಡು ಹೇಳುತ್ತೇನೆ ಎಂದ. ಮುನಿರಾಮಯ್ಯನಿಗೆ ಅರ್ಥವಾಗಲಿಲ್ಲ.

ಮುತ್ಯಾಲಮ್ಮ ನೀರಿನ ಅಂಚಿನಲ್ಲಿ ನಿಂತು ಚಿಕ್ಕಂದಿನಿಂದ ಕೇಳುತ್ತಿದ್ದ ಹಾಗೆಯೇ ಕೇಳಿದಳು. “ಅಪ್ಪಾ, ನಾನು ಎಲ್ಲಿ ನಿಂತ್ಕೊಳ್ಲಿ?”

ಆವಲಪ್ಪ ಕೋಲು ಹಿಡಿದು ನೀರಿಗಿಳಿದ. ಹುಟ್ಟಿದಾಗಿನಿಂದ ತುಳಿದ ಮೆಟ್ಟಿಲುಗಳನ್ನೇ ಒಂದೊಂದಾಗಿ ಕುಟ್ಟಿ ನೋಡಿದ.

“ನೀನೇ ಕಾಲಿಟ್ಟು ನೋಡವ್ವ” ಎಂದ. “ನಾನು ಇಲ್ಲೇ ಕೆಳಗಿರ್ತೀನಿ.”

ಅವಳು ಒಂದು ಕಾಲಿಟ್ಟು, ಭಾರ ಬಿಟ್ಟು ನೋಡಿ, ಇನ್ನೊಂದು ಕಾಲಿಟ್ಟಳು. ನಾನು ಸೀರೆ ಅದ್ದಿ ಕಲ್ಲಿನ ಮೇಲೆ ಹಾಕಿ ಸವಕಾರ ಉಜ್ಜಿದೆ. ಮೊದಲ ನೀರಿಗೆ ಉಪ್ಪು ಹೋಗಲಿಲ್ಲ. ಎರಡನೆಯದಕ್ಕೂ ಸೆರಗಿನ ಅಂಚು ಗಟ್ಟಿಯಾಗಿಯೇ ಇತ್ತು. ಮೂರನೆಯ ಸಲ ಅದ್ದಿ, ಒಂದು ತುದಿ ಹುಡುಗಿಯ ಕೈಗೆ ಕೊಟ್ಟು, ಇನ್ನೊಂದು ತುದಿ ನಾನು ಹಿಡಿದು ಹಿಂಡತೊಡಗಿದೆವು.