ಲೋಥರನ ಅಂಗಿ ಇಳಿಸಿದ ದಿನ

ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಜರ್ಮನಿಯ ನಮ್ಮ ಹೆರ್ನೆ ಊರಿನ ಈ ಮೂಲೆಯಲ್ಲಿ ಉಳಿದದ್ದು ಗಣಿಗಾರರ ಸ್ನಾನದ ಮನೆ ಮತ್ತು ಲೋಥರ್ ಕಚ್ಮಾರೆಕ್. ಸ್ನಾನದ ಮನೆಯನ್ನು ಬಣ್ಣ ಬಳಿದು ಸಂಗೀತದ ಸಭಾಂಗಣ ಮಾಡಿದರು. ಲೋಥರನನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಅವನು ಪ್ರತಿ ಶುಕ್ರವಾರ ಸಂಜೆ ಆ ಸಭಾಂಗಣಕ್ಕೇ ಬರತೊಡಗಿದ.

ನಾನು ಅಲ್ಲಿ ಜನರ ಕೋಟು ಇಸಿದುಕೊಂಡು ಇಡುವವಳು. ರೋಸ್ವಿತಾ ಅಂತ ಹೆಸರು, ಆದರೆ ಅಷ್ಟುದ್ದ ಕರೆಯುವ ತಾಳ್ಮೆ ಇಲ್ಲಿ ಯಾರಿಗೂ ಇಲ್ಲ. ಲೋಥರ್ ಬಂದವನೇ ನನ್ನ ಮೇಜಿಗೆ ಮೊಣಕೈ ಊರಿ, "ಏನ್ ರೋಸಿ, ಇನ್ನೂ ಬದುಕಿದೀಯಾ?" ಅನ್ನುತ್ತಿದ್ದ. "ನಿನ್ನ ಕೋಟು ಹೊರೋಕೆ ಬೇರೆ ಯಾರಿದಾರಪ್ಪ" ಅನ್ನುತ್ತಿದ್ದೆ ನಾನು. ಇಷ್ಟಾದ ಮೇಲೆಯೇ ಅವನು ಕೋಟು ಬಿಚ್ಚುತ್ತಿದ್ದ. ಒಳಗೆ ಯಾವಾಗಲೂ ಅದೇ ಕಪ್ಪು ಟೀ ಶರ್ಟು, ಒಗೆದೂ ಒಗೆದೂ ಬೂದಿ ಬಣ್ಣಕ್ಕೆ ತಿರುಗಿದ್ದು. ಎದೆಯ ಮೇಲೆ ಮುಳ್ಳಿನ ಪೊದೆಯಂಥ ಒಂದು ಗುರುತು. ಅದು ಬ್ಯಾಂಡಿನ ಹೆಸರು. ಈ ಹೆವಿ ಮೆಟಲ್ ಎಂಬ ಗಡುಸು ಸಂಗೀತದವರು ತಮ್ಮ ಹೆಸರನ್ನು ಯಾರೂ ಓದಲಾಗದ ಹಾಗೆ ಬರೆಸುತ್ತಾರೆ, ಗೊತ್ತಿದ್ದವರಿಗೆ ಮಾತ್ರ ಅದು ಅಕ್ಷರ.

ಬ್ಯಾಂಡಿನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ನಾಲ್ಕು ಜನರ ಬಾಯಲ್ಲಿ ತಮ್ಮ ಹೆಸರು ಓಡಾಡಲಿ ಎಂಬುದೇ ಅವರ ಆಸೆ, ಅದನ್ನು ನಾನೇಕೆ ತೀರಿಸಲಿ.

ಆ ಬ್ಯಾಂಡು ಮೊದಲು ಹೀಗೆ ಕೆಟ್ಟಿರಲಿಲ್ಲ. ಶುರುವಾದಾಗ ಅದು ನಮ್ಮ ಬೀದಿಯ ಹುಡುಗರ ಬ್ಯಾಂಡು. ಡ್ರಮ್ ಬಾರಿಸುತ್ತಿದ್ದವನು ಲೋಥರನ ತಮ್ಮ ಯೋಹೆನ್. ಅಣ್ಣ ಗಣಿಗಿಳಿದು ತಮ್ಮನಿಗೆ ಡ್ರಮ್ ಕೊಡಿಸಿದ. ಅವರ ಅಮ್ಮನ ಅಡುಗೆಮನೆಯ ಮೇಜಿನ ಮೇಲೆ ಯೋಹೆನ್ ತಾನೇ ಮಸಿ ಬಳಿದು ಈ ಅಂಗಿಗಳನ್ನು ಅಚ್ಚು ಹಾಕಿದ. ಮೇಜಿನ ಮೇಲೆ ಮುಳ್ಳಿನ ಪೊದೆ ಮೂಡಿ, ಆ ತಾಯಿ ಸಾಯುವವರೆಗೂ ಅದನ್ನು ಉಜ್ಜುತ್ತಿದ್ದಳು. ಮೊದಲನೆಯ ಅಂಗಿ ಅಣ್ಣನಿಗೆ. ಅದಾದ ವರ್ಷವೇ ಯೋಹೆನ್ ಮಳೆಯಲ್ಲಿ ಮೋಟಾರುಬೈಕಿನಿಂದ ಬಿದ್ದು ಸತ್ತ. ಲೋಥರ್ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ, "ನನ್ನ ಕೆಮ್ಮು ಕೇಳ್ಕೊಂಡು ಯಾವಳು ಮಲಗ್ತಾಳೆ" ಎನ್ನುತ್ತಿದ್ದ.

ಯೋಹೆನ್ ಮಣ್ಣಾದ ಮೇಲೆ ಬ್ಯಾಂಡಿನ ಹಾಡುಗಾರ ಊರು ಬಿಟ್ಟ, ಬೇರೆ ಜನ ಕಟ್ಟಿಕೊಂಡ, ಅದೇ ಹೆಸರು, ಅದೇ ಮುಳ್ಳಿನ ಪೊದೆ ಇಟ್ಟುಕೊಂಡ. ಆಮೇಲೆ ಅವನು ಹಾಡತೊಡಗಿದ್ದನ್ನು ಕೇಳಿದರೆ ಮೈ ಉರಿಯುತ್ತದೆ. ಹೊರಗಿನಿಂದ ಬಂದವರನ್ನು ಸುಡಬೇಕು ಎನ್ನುವ ಹಾಡುಗಳು. ಯಾರು ಹೊರಗಿನವರು? ಕಚ್ಮಾರೆಕ್ ಎಂದರೇನು ಮತ್ತೆ, ಲೋಥರನ ಮುತ್ತಾತ ಪೋಲೆಂಡಿನಿಂದ ಕಲ್ಲಿದ್ದಲು ಅಗೆಯಲು ಬಂದವನೇ. ಅವನ ಜೊತೆ ಗಣಿಯಲ್ಲಿ ದುಡಿದ ನೂರೆತ್ತಿನ್ ಟರ್ಕಿಯಿಂದ ಬಂದ, ಅಷ್ಟೇ ವ್ಯತ್ಯಾಸ. ಗಣಿಯ ಕೆಳಗೆ ಇಬ್ಬರದೂ ಒಂದೇ ಮುಖ, ಕಪ್ಪು.

ಈ ನೂರೆತ್ತಿನ್ ಲೋಥರನ ಜತೆಗಾರ. ಬೆನ್ನುನೋವು ಬಂದು ಗಣಿ ಬಿಟ್ಟು ತರಕಾರಿ ಅಂಗಡಿ ಇಟ್ಟ. ದೇಶದಲ್ಲೆಲ್ಲ ವಲಸೆ ಬಂದವರ ಮನೆಗೆ ಬೆಂಕಿ ಇಡುತ್ತಿದ್ದ ಆ ಕೆಟ್ಟ ವರ್ಷಗಳಲ್ಲಿ ಯಾರೋ ಒಬ್ಬ ಅವನ ಅಂಗಡಿಯ ಗಾಜಿಗೂ ಕಲ್ಲೆಸೆದ. ಮಾರನೆಯ ದಿನವೇ ಲೋಥರ್ ತನ್ನ ಹಾಸಿಗೆ ತಂದು ಟೊಮೇಟೊ ಪೆಟ್ಟಿಗೆಗಳ ನಡುವೆ ಹಾಸಿದ. ಚಳಿಗಾಲ ಮುಗಿಯುವವರೆಗೂ ಅಲ್ಲೇ ಮಲಗಿದ. ಮೈಮೇಲೆ ಇದೇ ಅಂಗಿ, ಯೋಹೆನ್ ಆಗಷ್ಟೇ ಹೋಗಿದ್ದ. ನೂರೆತ್ತಿನನ ಪುಟ್ಟ ಮಗ ಏರ್ದಾಲ್ ಬೆಳಿಗ್ಗೆ ಚಹಾ ತಂದುಕೊಟ್ಟು, ಆ ಮುಳ್ಳಿನ ಪೊದೆಯ ಮೇಲೆ ಬೆರಳಾಡಿಸಿ, ಇದು ಯಾವ ಪ್ರಾಣಿ ಎಂದು ಕೇಳುತ್ತಿದ್ದನಂತೆ. ಇದು ಊರಿಗೆಲ್ಲ ಗೊತ್ತಿದ್ದ ಕತೆ.

ಆ ಏರ್ದಾಲ್ ಈಗ ಆರಡಿ ಆಳು. ನಮ್ಮ ಸಭಾಂಗಣದ ಬಾಗಿಲು ಕಾಯುವವನು ಅವನೇ.

ಕಳೆದ ಶರತ್ಕಾಲದಲ್ಲಿ ಸಭಾಂಗಣದ ಸಮಿತಿಯವರು ಬಾಗಿಲಿಗೆ ಒಂದು ಹಾಳೆ ಅಂಟಿಸಿದರು. ಇಂತಿಂಥ ಬ್ಯಾಂಡುಗಳ ಗುರುತಿರುವ ಅಂಗಿ ತೊಟ್ಟವರಿಗೆ ಒಳಗೆ ಪ್ರವೇಶವಿಲ್ಲ ಎಂದು. ಮುಳ್ಳಿನ ಪೊದೆಯೂ ಅದರಲ್ಲಿತ್ತು. ಸಮಿತಿಯವರು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಆ ಅಂಗಿ ಹಾಕಿಕೊಂಡು ಬಂದು, ಬೇಕೆಂದೇ ಎದೆ ಉಬ್ಬಿಸಿ ನಿಲ್ಲುವ, ವಲಸೆ ಬಂದವರನ್ನು ಕಂಡರಾಗದ ಬೋಳುತಲೆಗಳನ್ನು ನಾನೂ ನೋಡಿದ್ದೇನೆ. ಅವರ ಕೋಟು ಮುಟ್ಟುವಾಗ ನನಗೇ ಹೇಸಿಗೆಯಾಗುತ್ತಿತ್ತು.

ಆ ಶುಕ್ರವಾರವೇ ಲೋಥರ್ ಬಂದ. ಅವನಿಗೆ ಆ ಸಂಜೆ ಮುಖ್ಯವಾಗಿತ್ತು. ಯೋಹೆನನ ಕಾಲದ ಇನ್ನೊಂದು ಬ್ಯಾಂಡಿನ ಮುದುಕರು ಕೊನೆಯ ಸಲ ನುಡಿಸುವವರಿದ್ದರು. ಅವರಲ್ಲೊಬ್ಬ ಬೇಕರಿಯ ಮುಂದೆ ಲೋಥರನನ್ನು ಕಂಡು, ಯೋಹೆನ್ ಕಟ್ಟಿದ ಆ ಒಂದು ತುಣುಕನ್ನು, ಬರೀ ಡ್ರಮ್ಮಿನದು, ನುಡಿಸುತ್ತೇವೆ ಬಾ ಎಂದಿದ್ದ. ತಮ್ಮನ ಕೈಯ ಪೆಟ್ಟನ್ನು ತಮ್ಮನ ಅಂಗಿ ತೊಟ್ಟು ಒಮ್ಮೆ ಕೇಳಬೇಕು. ಆ ಮನುಷ್ಯನಿಗೆ ಬೇಕಾಗಿದ್ದುದು ಇಷ್ಟೇ.

ತೆರೆದ ಕೋಟಿನೊಳಗೆ ಅಂಗಿ ಕಂಡು ಏರ್ದಾಲ್ ಬಾಗಿಲಲ್ಲೇ ಅವನನ್ನು ಬದಿಗೆ ಕರೆದ. "ಲೋಥರ್ ಮಾಮ, ಇದು ಹಾಕ್ಕೊಂಡು ಒಳಗ್ ಬಿಡೋ ಹಾಗಿಲ್ಲ."

"ಯಾವುದು?"

"ಅಂಗಿ."

"ಇದ್ಯಾರದ್ದು ಅಂತ ನಿಂಗೊತ್ತಲ್ಲೋ."

"ನಂಗೊತ್ತು ಮಾಮ. ಒಳಗಿರೋರಿಗೆ ಗೊತ್ತಿಲ್ವಲ್ಲ. ನಿಮ್ಮೊಬ್ರನ್ನ ಬಿಟ್ರೆ ನಾಳೆ ಆ ಬೋಳುತಲೆಗಳು, ನಮ್ಮನ್ಯಾಕೆ ಬಿಡಲ್ಲ ಅಂತ ಬಂದು ನಿಂತ್ಕೋತಾರೆ. ಆಗ ಏನ್ ಹೇಳ್ಲಿ?"

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಏರ್ದಾಲ್ ದನಿ ತಗ್ಗಿಸಿದ. "ಒಂದ್ ಕೆಲ್ಸ ಮಾಡಿ, ಎಡಮೈ ಮಾಡ್ಕೊಂಡು ಹಾಕ್ಕೊಳ್ಳಿ" ಎಂದ.

ನಮ್ಮ ಕಡೆ ಬಟ್ಟೆಯ ಒಳಮಗ್ಗುಲಿಗೆ ಎಡಮೈ ಅನ್ನುತ್ತೇವೆ. ಮಗುಚಿ ತೊಟ್ಟರೆ, ಎಡಕ್ಕೆ ತಿರುಗಿಸಿದ ಎನ್ನುತ್ತೇವೆ. ಸಾಲಿನಲ್ಲಿದ್ದ ಒಬ್ಬ ಕಿಲಾಡಿ, "ನೋಡ್ರೋ, ಬಲಪಂಥದ ಅಜ್ಜನ್ನ ಎಡಕ್ಕೆ ತಿರುಗಿಸ್ತಾ ಇದಾರೆ!" ಎಂದ. ಎಲ್ಲರೂ ನಕ್ಕರು. ಲೋಥರನ ಮುಖ ಕೆಂಪಾಯಿತು. "ಹುಟ್ಟಿದಾಗಿಂದ ಎಡಕ್ಕೇ ಇದೀನಿ ಕಣೋ" ಎಂದ. "ನಿಮ್ಮಪ್ಪ ಮುಷ್ಕರ ಮುರಿದು ಕೆಲಸಕ್ಕೆ ಹೋಗ್ತಿದ್ದಾಗ ಗೇಟಲ್ಲಿ ಬಾವುಟ ಹಿಡಿದು ನಿಂತೋನು ನಾನು." ನಗು ನಿಂತಿತು. ಅವನಿಗೆ ಕೆಮ್ಮು ಹತ್ತಿತು.

ನನ್ನ ಮೇಜಿನ ಹಿಂದೆ ಬಂದು ಅಂಗಿ ಬಿಚ್ಚಿ ಮಗುಚಿದ. ಆಗಲೇ ಕಂಡದ್ದು. ಅಗ್ಗದ ಬಟ್ಟೆ, ಅಡುಗೆಮನೆಯ ಮಸಿ, ಒಳಕ್ಕೂ ಇಳಿದುಬಿಟ್ಟಿತ್ತು. ಈ ಬ್ಯಾಂಡಿನವರು ಗುರುತನ್ನು ಚಿಟ್ಟೆಯ ಹಾಗೆ ಎರಡೂ ಕಡೆ ಸಮ ಬರುವಂತೆ ಬರೆಯುತ್ತಾರೆ. ಎಡಮೈಯಲ್ಲೂ ಅದೇ ಮುಳ್ಳಿನ ಪೊದೆ, ಒಂದೆಳೆ ಹೆಚ್ಚುಕಮ್ಮಿಯಿಲ್ಲದೆ. ಲೋಥರ್ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ. "ಥೂ ಯೋಹೆನ್, ಒಂದ್ ಕೆಲ್ಸ ನೆಟ್ಟಗೆ ಮಾಡ್ಲಿಲ್ಲ ನೋಡು ನೀನು" ಎಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಏರ್ದಾಲ್ ಬಾಗಿಲಿನಿಂದಲೇ ನೋಡಿ ತಲೆಯಾಡಿಸಿದ, ಆಗದು ಎಂದು.

ಆ ಸ್ನಾನದ ಮನೆಯಲ್ಲಿ ಗಣಿಯ ಕಾಲದಲ್ಲಿ ಬೀರುಗಳಿರಲಿಲ್ಲ. ಸೂರಿನಿಂದ ಇಳಿಬಿದ್ದ ಸರಪಳಿಗಳು, ತುದಿಗೆ ಕೊಕ್ಕೆ. ಬಂದವನು ಮನೆಯ ಬಟ್ಟೆ ಕಳಚಿ ಕೊಕ್ಕೆಗೆ ಹಾಕಿ, ಸೂರಿನವರೆಗೆ ಎಳೆದು, ಸರಪಳಿಗೆ ಬೀಗ ಜಡಿದು, ಕೀಲಿಯನ್ನು ಕೊರಳಿಗೆ ಹಾಕಿಕೊಂಡು ಕೆಳಗಿಳಿಯುತ್ತಿದ್ದ. ಪಾಳಿ ಮುಗಿದ ಮೇಲೂ ಒಬ್ಬನ ಬಟ್ಟೆ ಮೇಲೆ ತೂಗುತ್ತಿದ್ದರೆ, ಅವನು ಗಣಿಯಿಂದ ಮೇಲೆ ಬಂದಿಲ್ಲವೆಂದು ಕೇಳದೆಯೇ ತಿಳಿಯುತ್ತಿತ್ತು. ನೋಡಲು ಚೆಂದ ಎಂದು ಸಮಿತಿಯವರು ಸರಪಳಿಗಳನ್ನು ಹಾಗೆಯೇ ಬಿಟ್ಟಿದ್ದರು. ಲೋಥರನ ಸರಪಳಿಯೂ ನನ್ನ ಮೇಜಿನ ಪಕ್ಕದ ಗೋಡೆಗುಂಟ ಇತ್ತು, ಅವನ ಬೀಗದ ಸಮೇತ.

ಅವನು ಕೊರಳಿನಿಂದ ಕೀಲಿ ತೆಗೆದ. ಅದು ಇನ್ನೂ ಅವನ ಬಳಿ ಇತ್ತೆಂದು ನನಗೆ ಆವತ್ತೇ ಗೊತ್ತಾದದ್ದು. ಕೊಕ್ಕೆ ಇಳಿಸಿ, ಅಂಗಿ ಸಿಕ್ಕಿಸಿ, ಸರಸರನೆ ಮೇಲೇರಿಸಿ ಬೀಗ ಹಾಕಿದ. "ಮೇಲೆ ಬಂದಾಗ ಇಳಿಸ್ಕೋತೀನಿ" ಎಂದ. ಬರೀ ಒಳಬನಿಯನ್ನಿನಲ್ಲಿ ನಿಂತಿದ್ದ. ಅವನ ಕೋಟು ಮಳೆಗೆ ತೊಯ್ದು ತೊಟ್ಟಿಕ್ಕುತ್ತಿತ್ತು, ನಾನು ನನ್ನ ಉಣ್ಣೆಯ ಕೋಟು ಕೊಟ್ಟೆ, ತೋಳು ಅವನಿಗೆ ಗಿಡ್ಡವಾಯಿತು. ಹಾಗೆಯೇ ಒಳಗೆ ಹೋದ.

ಆ ಮುದುಕರು ಯೋಹೆನನ ತುಣುಕನ್ನು ನುಡಿಸಲೇ ಇಲ್ಲ. ಬಾಗಿಲಿನ ಹಾಳೆಯನ್ನು ಅವರೂ ಓದಿದ್ದರು. ಆ ಬ್ಯಾಂಡಿನದು ಅಂತ ಯಾರಾದರೂ ಗುರುತು ಹಿಡಿದರೆ ಸುಮ್ಮನೆ ಯಾಕೆ ರಗಳೆ ಎಂದು ಬಿಟ್ಟರಂತೆ. ಲೋಥರ್ ಕೊನೆಯ ಹಾಡಿನವರೆಗೂ ಕಾದ. ಹೊರಬಂದು ನನ್ನ ಕೋಟು ಮಡಚಿ ಮೇಜಿನ ಮೇಲಿಟ್ಟ, ತನ್ನದನ್ನು ತೊಟ್ಟ. "ಅಂಗಿ?" ಎಂದೆ.

"ಇರ್ಲಿ ಬಿಡು ರೋಸಿ. ನಾನಿನ್ನೂ ಮೇಲೆ ಬಂದಿಲ್ಲ."

ಏರ್ದಾಲ್ ಬಾಗಿಲು ಹಿಡಿದು ನಿಂತಿದ್ದ. "ಮಾಮ, ಬೇಜಾರಾಯ್ತಾ?" ಎಂದ. ಲೋಥರ್ ಅವನ ಕೆನ್ನೆ ತಟ್ಟಿದ. "ನೀನ್ ಮಾಡಿದ್ದು ಸರಿಯಾಗೇ ಇದೆ ಮರಿ. ಅದಕ್ಕೇ ಬೇಜಾರು."

ಮುಂದಿನ ಶುಕ್ರವಾರ ಅವನು ಬರಲಿಲ್ಲ. ಆಮೇಲೂ ಬರಲಿಲ್ಲ. ಫೋನು ಮಾಡಿದರೆ ಕೆಮ್ಮು, ಚಳಿ ಕಮ್ಮಿಯಾಗಲಿ ಅನ್ನುತ್ತಿದ್ದ. ಚಳಿ ಕಮ್ಮಿಯಾಗುವ ಹೊತ್ತಿಗೆ ಪುಪ್ಪುಸದಲ್ಲಿದ್ದ ಗಣಿಯ ಧೂಳು ತನ್ನ ಕೆಲಸ ಮುಗಿಸಿತ್ತು. ಮಣ್ಣು ಮಾಡಲು ಹತ್ತು ಹದಿನೈದು ಜನ. ಆಸ್ಪತ್ರೆಯವರು ಅವನ ಕೊರಳಲ್ಲಿದ್ದ ಕೀಲಿಯನ್ನು ಯಾವುದೋ ಹರಕೆಯ ತಾಯಿತ ಎಂದುಕೊಂಡು ಹಾಗೆಯೇ ಬಿಟ್ಟಿದ್ದರು. ಅದೂ ಅವನ ಜೊತೆ ಹೋಯಿತು. ಆಮೇಲೆ ಕಾಫಿ, ಕೇಕು, ಹವಾಮಾನದ ಮಾತು.

ವಸಂತದಲ್ಲಿ ಸಭಾಂಗಣದಲ್ಲಿ ಹೊಸ ದೀಪ ಹಾಕಿದರು. ಬೆಳಕು ನೇರ ಸೂರಿಗೆ ಬಿತ್ತು. ಯಾವಳೋ ಹುಡುಗಿ ತಲೆಯೆತ್ತಿ ನೋಡಿ, ಆ ಮುಳ್ಳಿನ ಪೊದೆ ನಮ್ಮೆಲ್ಲರ ತಲೆಯ ಮೇಲೆ ಬಾವುಟದ ಹಾಗೆ ತೂಗುತ್ತಿದೆ ಎಂದು ದೂರು ಕೊಟ್ಟಳು. ಅವಳಿಗೇನು ಗೊತ್ತು, ಪಾಪ. ಇವತ್ತೇ ಇಳಿಸಬೇಕು ಎಂದು ಸಮಿತಿಯವರು ಏರ್ದಾಲನಿಗೆ ಹೇಳಿದರು.

ಅವನು ಮಧ್ಯಾಹ್ನ ಬೀಗ ಕತ್ತರಿಸುವ ಕತ್ತರಿ ಹಿಡಿದು ಬಂದ. ಒಬ್ಬನೇ ಬರಲಿಲ್ಲ, ಅಪ್ಪನನ್ನು ಕರೆತಂದಿದ್ದ. ನೂರೆತ್ತಿನ್ ಕೋಲೂರಿಕೊಂಡು ಕೊಕ್ಕೆಯ ಕೆಳಗೆ ನಿಂತು ಮೇಲೆ ನೋಡಿದ.

"ಸತ್ತೋನ ಬಟ್ಟೇನ ಜತೆಗಾರ ಇಳಿಸ್ಬೇಕು" ಎಂದ. "ನೀನು ಬೀಗ ಕತ್ತರಿಸು. ಸರಪಳಿ ನಂಗ್ ಕೊಡು."

ಬೀಗ ತುಂಡಾಯಿತು. ಮುದುಕ ಸರಪಳಿಯನ್ನು ಜಾರಲು ಬಿಡದೆ, ಗೇಣು ಗೇಣಾಗಿ ಇಳಿಸಿದ. ಅಂಗಿಯ ಮೇಲೆ ಒಂದು ಚಳಿಗಾಲದ ಧೂಳು. ಏರ್ದಾಲ್ ಅದನ್ನು ಕೊಡವಿ, ಯಾರಾದರೂ ನೋಡಿಯಾರು ಎಂದು ಅಭ್ಯಾಸಬಲದಿಂದ ಎಡಮೈ ಮಾಡಿದ. ಅಲ್ಲೂ ಅದೇ ಪೊದೆ. ಮತ್ತೆ ಮಗುಚಿದ. ಚಿಕ್ಕಂದಿನ ಹಾಗೆ ಅದರ ಮೇಲೆ ಒಮ್ಮೆ ಬೆರಳಾಡಿಸಿದ. ಆಮೇಲೆ ಜಾಕೆಟ್ಟು ತೆಗೆದು ಲೋಥರನ ಅಂಗಿಯನ್ನು ತನ್ನ ಅಂಗಿಯ ಮೇಲೆಯೇ ತೊಟ್ಟುಕೊಂಡ. ಎದೆಗೆ ಬಿಗಿಯಾಯಿತು, ಹೊಲಿಗೆ ಒಂದು ಕಡೆ ಬಿಚ್ಚಿತು.

"ನಡೀ ಅಪ್ಪ, ಗೋರಿ ಹತ್ರ ಹೋಗ್ಬರೋಣ" ಎಂದ.

ಬಾಗಿಲಿನ ಹಾಳೆಯ ಮುಂದೆ ಅವನು ಒಂದು ಗಳಿಗೆ ನಿಂತ. ಅಂಥ ಅಂಗಿಯವರನ್ನು ಅಲ್ಲಿ ತಡೆಯಬೇಕಾದವನು ಅವನೇ. ಅಪ್ಪ ಹಿಂದಿನಿಂದ ಕೋಲಿನಿಂದ ಮೆಲ್ಲಗೆ ತಿವಿದ ಮೇಲೆ ಹೊರಗೆ ಕಾಲಿಟ್ಟ.