ಕಮ್ಮಾರನ ಮನೆಯಲ್ಲಿ ಕಬ್ಬಿಣದ ಕೊರತೆ

ಮಗಳ ರಕ್ತದ ರಿಪೋರ್ಟು ಬಂದ ದಿನ ಕಮ್ಮಾರ ಮೊದಲು ನಕ್ಕುಬಿಟ್ಟ. ಆಸ್ಪತ್ರೆಯ ನರ್ಸು "ನಿಮ್ಮ ಮಗಳ ಮೈಯಲ್ಲಿ ಕಬ್ಬಿಣ ಕಡಿಮೆ ಇದೆ ಯಜಮಾನ್ರೇ" ಅಂದರೆ, ಮೂವತ್ತೈದು ವರ್ಷ ಕುಲುಮೆಯ ಮುಂದೆ ಕೂತವನು ಇನ್ನೇನು ಮಾಡಿಯಾನು? ಅವನ ಮನೆಯಲ್ಲಿ ಎಡವಿದರೆ ಕಬ್ಬಿಣ, ಅಂಗಿ ಕೊಡವಿದರೆ ಕಬ್ಬಿಣದ ಪುಡಿ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅನ್ನುವ ಗಾದೆ ಅವನಿಗೇ ಹೇಳಿ ಮಾಡಿಸಿದಂತಿತ್ತು.

ನರ್ಸು ನಗಲಿಲ್ಲ. "ಆರು ತಿಂಗಳ ಬಸುರಿ, ರಕ್ತ ಎಂಟಕ್ಕೆ ಇಳಿದಿದೆ. ಹೆರಿಗೆ ಹೊತ್ತಿಗೆ ಹತ್ತಾದ್ರೂ ದಾಟ್ಬೇಕು, ಇಲ್ಲಾಂದ್ರೆ ತಾಯಿಗೂ ಕಷ್ಟ, ಮಗುಗೂ ಕಷ್ಟ. ದಿನಾ ಒಂದು ಕಬ್ಬಿಣದ ಮಾತ್ರೆ, ತಪ್ಪಿಸ್ಬಾರ್ದು" ಅಂದಳು. ಅವನ ನಗು ಅಲ್ಲೇ ಆರಿತು. ಹೆಂಡತಿ ತೀರಿಹೋದ ಮೇಲೆ ಅವನಿಗೆ ಅಂತ ಉಳಿದವಳು ಇವಳೊಬ್ಬಳೇ. ಅಳಿಯ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ದಾರಿಯಲ್ಲೇ ಇರುತ್ತಿದ್ದ.

ಕಡಲೆಯಷ್ಟು ಮಾತ್ರೆಯನ್ನು ನಂಬಿ ಕೂರುವ ಜೀವವಲ್ಲ ಕಮ್ಮಾರನದು. ಮರುದಿನ ಬೆಳಿಗ್ಗೆಯೇ ಒಂದು ಸರಳನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಕುಡಿಯುವ ನೀರಿನ ಪಾತ್ರೆಗೆ ಚುಂಯ್ ಅಂತ ಅದ್ದಿದ. ಸೋಸಿ ಲೋಟಕ್ಕೆ ಹಾಕಿ, "ಕುಡಿ, ಇದು ನಮ್ಮನೇ ಕಬ್ಬಿಣ" ಅಂದ. ಇಂಥ ಬುದ್ಧಿ ಕಮ್ಮಾರನಿಗಲ್ಲದೆ ಬೇರೆ ಯಾರಿಗೆ ಹೊಳೆದೀತು! ಅವಳು ಮುಖ ಕಿವುಚಿಕೊಂಡು ದಿನಾ ಕುಡಿದಳು. ತಿಂಗಳ ಕೊನೆಗೆ ಮತ್ತೆ ಪರೀಕ್ಷೆ ಮಾಡಿಸಿದರೆ ರಕ್ತ ಏಳೂ ಮುಕ್ಕಾಲು.

ಅಲ್ಲಿಂದ ಅವನ ತಲೆಗೆ ಹುಳ ಹೊಕ್ಕಿತು. ತಾನು ಬಡಿಯುವುದೂ ಕಬ್ಬಿಣ, ಮಗಳ ರಕ್ತದಲ್ಲಿ ಇಲ್ಲದ್ದೂ ಕಬ್ಬಿಣ. ಎರಡಕ್ಕೂ ಒಂದೇ ಹೆಸರು ಯಾಕೆ? ಅಷ್ಟಕ್ಕೂ ಆ ಹೆಸರಿನ ಅರ್ಥವಾದರೂ ಏನು? ಇಷ್ಟು ವರ್ಷ ಜೊತೆಗೆ ಬಾಳಿದ್ದರ ಹೆಸರೇ ತನಗೆ ಗೊತ್ತಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಪಕ್ಕದ ಬೀದಿಯ ಅಕ್ಕಸಾಲಿಗನನ್ನು ಕೇಳಿದ. "ನನಗೆ ಚಿನ್ನ ಗೊತ್ತು, ನಿನ್ನ ಕಬ್ಬಿಣದ ಜಾತಕ ನಾನ್ಯಾಕೆ ನೋಡ್ಲಿ?" ಅಂದ ಅವನು. ಗುಜರಿಯವನಂತೂ, "ಹೆಸರಿಗೆ ಅರ್ಥ ಇರ್ಲೇಬೇಕು ಅಂತ ಕಾನೂನಿದೆಯೇನಯ್ಯಾ?" ಅಂತ ಅವನನ್ನೇ ದಬಾಯಿಸಿದ.

ಕೊನೆಗೆ ಉತ್ತರ ತಾನಾಗಿ ನಡೆದು ಬಂತು. ನಿವೃತ್ತರಾದ ಕನ್ನಡದ ಟೀಚರಮ್ಮ ತಮ್ಮ ಕೈತೋಟದ ಗುದ್ದಲಿ ಹದ ಮಾಡಿಸಲು ಬಂದಿದ್ದರು. ಅವನ ಪ್ರಶ್ನೆ ಕೇಳಿ ಅವರ ಮುಖ ಅರಳಿತು.

"ಹಳೆಗನ್ನಡದಲ್ಲಿ ಅದು ಕರ್ಬುನ. ಕರ್ ಅಂದ್ರೆ ಕಪ್ಪು. ಪೊನ್ ಅಂದ್ರೆ ಹೊನ್ನು, ಲೋಹ ಅಂತಾನೂ ಆಗುತ್ತೆ. ಎರಡೂ ಸೇರಿ ಕಪ್ಪು ಲೋಹ ಅಂತ ತಿಳಿದವರು ಹೇಳ್ತಾರಪ್ಪಾ."

"ಕಬ್ಬಿಣ ಕಪ್ಪೆಲ್ಲಿದೆ ಟೀಚರಮ್ಮ?" ಅಂದ ಅವನು. "ಅರ ಹಾಕಿ ಉಜ್ಜಿದ್ರೆ ಬೆಳ್ಳಗೆ, ಕಾಯಿಸಿದ್ರೆ ಕೆಂಪು, ತುಕ್ಕು ಹಿಡಿದ್ರೆ ಕಂದು."

"ನಿನ್ನ ಕಾಲ ಬುಡ ನೋಡ್ಕೋ."

ನೋಡಿದ. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಸುತ್ತ ಉದುರಿದ ಚಕ್ಕೆಗಳು ಕಪ್ಪಗೆ ಬಿದ್ದಿದ್ದವು. ಬೆಂಕಿಯಿಂದ ಹೊರಗೆ ಬಂದು ಆರುವ ಕಬ್ಬಿಣ ಮೊದಲು ತೊಡುವ ಅಂಗಿಯೇ ಕಪ್ಪು. ಹೆಸರಿಟ್ಟವನೂ ತನ್ನ ಹಾಗೆ ಕುಲುಮೆಯ ಮುಂದೆ ಕೂತವನೇ ಇರಬೇಕು ಅನ್ನಿಸಿ ಕಮ್ಮಾರನಿಗೆ ಹಿಗ್ಗೋ ಹಿಗ್ಗು. ಗುದ್ದಲಿಗೆ ಕೂಲಿ ಬೇಡವೆಂದು ಹಟ ಹಿಡಿದ.

ಮಧ್ಯಾಹ್ನ ಊಟಕ್ಕೆ ಕೂತು ಮಗಳಿಗೆ ಎಲ್ಲವನ್ನೂ ಒಪ್ಪಿಸಿದ. "ಕಪ್ಪೇ ಕಣೇ ಅದರ ಗುರುತು! ಕಬ್ಬಿಣ ಎಲ್ಲಿ ಹೋದ್ರೂ ಕಪ್ಪು ಮಾಡೇ ಮಾಡುತ್ತೆ. ನನ್ನ ಉಗುರು ನೋಡು."

ಮಗಳು ತುತ್ತು ಕೆಳಗಿಟ್ಟಳು. ನೆಲ ನೋಡುತ್ತಾ, "ಅಪ್ಪ, ಕಬ್ಬಿಣ ಹೊಟ್ಟೆಗೆ ಹೋದ್ರೆ, ಆಚೆ ಹೋಗೋದೂ ಕಪ್ಪಗೇ ಹೋಗುತ್ತಾ?" ಅಂದಳು.

ಅವನಿಗೆ ಅರ್ಥವಾಗಲಿಲ್ಲ. ಅವಳು ಎದ್ದು ಒಳಗಿಂದ ಮಾತ್ರೆಯ ಡಬ್ಬಿ ತಂದಳು. ಮೂವತ್ತರಲ್ಲಿ ಇಪ್ಪತ್ತಾರು ಹಾಗೇ ಉಳಿದಿದ್ದವು. "ನಾಲ್ಕನೇ ದಿನ ಕಪ್ಪಗೆ ಹೋಯ್ತು. ಒಳಗೇನೋ ಸುಡ್ತಿದೆ, ಮಗುಗೆ ಏನೋ ಆಗ್ತಿದೆ ಅಂತ ಹೆದರಿ ನಿಲ್ಲಿಸ್ಬಿಟ್ಟೆ. ಯಾರಿಗೆ ಹೇಳ್ಲಿ ಇಂಥದನ್ನ?"

ಕಮ್ಮಾರ ಕೈ ತೊಳೆದವನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ನರ್ಸು ಕೇಳಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಅದು ಮಾತ್ರೆಯಿಂದಲೇ ಕಣಮ್ಮ! ಭಯ ಬೀಳೋದೇನಿಲ್ಲ. ನಾನು ಮೊದಲೇ ಹೇಳ್ಬೇಕಿತ್ತು, ತಪ್ಪು ನಂದೇ." ಆಮೇಲೆ ಸರಳು ಅದ್ದಿದ ನೀರಿನ ಸುದ್ದಿ ತಿಳಿದು, ಕಮ್ಮಾರನಿಗೆ ಬೇರೆಯೇ ಮಂಗಳಾರತಿ ಮಾಡಿದಳು.

ಅವತ್ತಿನಿಂದ ಒಂದು ಮಾತ್ರೆಯೂ ತಪ್ಪಲಿಲ್ಲ. ಎಂಟನೇ ತಿಂಗಳ ಕೊನೆಯಲ್ಲಿ ರಕ್ತ ಹತ್ತೂ ಕಾಲಿಗೆ ಏರಿತು. ರಿಪೋರ್ಟು ಮಡಚಿ ಜೇಬಿಗಿಟ್ಟುಕೊಂಡು ಅಪ್ಪ ಮಗಳು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ಸಂತೋಷದಲ್ಲೂ ಅವನಿಗೊಂದು ಮುಳ್ಳು ಉಳಿದಿತ್ತು.

"ಅಲ್ಲವೇ, ಒಂದು ತಿಂಗಳು ಒಬ್ಬಳೇ ಹೆದರ್ಕೊಂಡು ಕೂತಿದ್ಯಲ್ಲ. ನನಗೆ ಯಾಕೆ ಹೇಳ್ಲಿಲ್ಲ?"

"ಕಬ್ಬಿಣಕ್ಕೆ ಆ ಹೆಸರು ಯಾಕೆ ಬಂತು ಅಂತ ಊರೆಲ್ಲಾ ಸುತ್ತಿ ಕೇಳ್ದೆ. ಮಾತ್ರೆ ತಿಂದ್ರೆ ನಿನಗೆ ಹೇಗಾಗುತ್ತೆ ಅಂತ ನನ್ನನ್ನ ಒಂದು ದಿನಾನೂ ಕೇಳ್ಲಿಲ್ಲ ಅಪ್ಪ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಒಂದು ಬಸ್ಸು ಬಂದು ನಿಂತು ಹೊರಟುಹೋಯಿತು. ಅವನು ಮಗಳ ಕಡೆ ತಿರುಗಿದ.

"ಈಗ ಹೇಗಿದೀಯಮ್ಮಾ?"

"ಕಾಲು ಊದಿದೆ. ಚಪ್ಪಲಿ ಒತ್ತುತ್ತೆ."

ಕಮ್ಮಾರ ಬೆಂಚಿನಿಂದ ಇಳಿದು ನೆಲದ ಮೇಲೆ ಕೂತು, ಅವಳ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದ.